ಬಾಡಿಗೆ ಕೊಡದವನು

ಪಟಗೋನಿಯಾದ ಜಲ್ಲಿದಾರಿ. ನಲವತ್ತು ಕಿಲೋಮೀಟರಿಗೊಂದು ಗೇಟು.
ಸೀಟಿನ ಸ್ಪಂಜನ್ನು ಬ್ರೆಡ್ಡಿನ ಚಾಕುವಿನಲ್ಲೇ ಕೊಯ್ದ ಇಸಿದೋರೊ,
ಮೇಲೊಂದು ಟಗರಿನ ತೊಗಲು ಬಿಗಿದ, ಉಣ್ಣೆ ಸಮೇತ.
ಸೊಂಟದ ನೋವು ಸದ್ದಿಲ್ಲದೆ ಮಣಿಕಟ್ಟಿಗೆ ಹೋಯಿತು.

ಹ್ಯಾಂಡಲ್ ಎರಡು ಬೆರಳು ಎತ್ತರಿಸಿದ.
ಮಂಡಿಗೆ ಇಳಿಯಿತು,
ಬಾಡಿಗೆ ಕೊಡದವನು
ಕೋಣೆಯಿಂದ ಕೋಣೆಗೆ ಗಂಟು ಹೊತ್ತ ಹಾಗೆ.

ಫುಟ್‌ಪೆಗ್ಗು ತಗ್ಗಿಸಿದೆವು, ಚೈನಿಗೆ ಎಣ್ಣೆ ಉಣಿಸಿದೆವು,
ಮುಂದಿನ ಟೈರಿನ ಉಸಿರು ತುಸು ಬಿಟ್ಟೆವು.
‘ಇನ್ನು ನೊಂದರೆ ಅದು ನಿನ್ನದೇ, ಬೈಕಿನದಲ್ಲ’ ಅಂದ.

ಮರುದಿನ ಎಲ್ಲೂ ನೋಯಲಿಲ್ಲ.
ಬೇಲಿಗುಂಟ ಗ್ವಾನಾಕೊಗಳು ಓಡುತ್ತಿದ್ದವು,
ಮೊದಲೂ ಓಡುತ್ತಿದ್ದವೇನೋ.
ಕುರಿಲಸಿಕೆಯ ಪೆಟ್ಟಿಗೆ ಕಟ್ಟಿಕೊಂಡು ಹನ್ನೊಂದು ವರ್ಷ
ನೋವನ್ನೇ ಬೈಯುತ್ತ, ಅದರೊಡನೆ ಮಾತಾಡುತ್ತ
ದಾರಿ ಸವೆಸಿದವನು,
ಈಗ ಹೆಲ್ಮೆಟ್ಟಿನೊಳಗೆ
ಒಬ್ಬನೇ.