ಇನ್ನೂರು ಮೀಟರ್

ಡಯಲ್ಲಿನ ಮೇಲೆ ಸಣ್ಣಕ್ಷರದಲ್ಲಿ ಬರೆದಿದೆ:
ಇನ್ನೂರು ಮೀಟರ್.
ಅರಸೀಕೆರೆಯಲ್ಲಿ ಅಷ್ಟು ಆಳ ಇರುವುದು
ಕೆರೆಗಲ್ಲ, ಕೊಳವೆಬಾವಿಗೆ.

ತಂದವರು ಸೆಂಗೋಟುವೇಲು.
ತಿರುಚೆಂಗೋಡಿನಿಂದ ರಿಗ್ ಲಾರಿಯ ಜೊತೆ ಬಂದು
ಇಪ್ಪತ್ತೆರಡು ವರ್ಷ; ಬೈಯುವುದು ಕನ್ನಡದಲ್ಲಿ,
ಎಣಿಸುವುದು ಮಾತ್ರ ಇನ್ನೂ ತಮಿಳಿನಲ್ಲಿ.
ಬೋರ್ಡಿನ ಮೇಲಿರುವ ಮೌನೇಶಾಚಾರ್ ಎಲ್ಲಿ ಅಂತ ಕೇಳಲಿಲ್ಲ.
ನನ್ನ ಹುಬ್ಬಿನಡಿ ಸಿಕ್ಕಿಸಿದ ಭೂತಗನ್ನಡಿ ನೋಡಿ
ವಾಚು ಬಿಚ್ಚಿಕೊಟ್ಟರು.

ಹೊಸದು. ಹಾಕಿದ್ದು ಹಳೆಯದರ ವೇಷ.
ಉಬ್ಬಿದ ಗಾಜು, ದಪ್ಪ ಮುಳ್ಳು,
ಅಂಕೆಗಳ ಜಾಗದಲ್ಲಿ ಕೆನೆಬಣ್ಣದ ಚುಕ್ಕಿ,
ಅರುವತ್ತು ವರ್ಷ ಬಿಸಿಲು ಕುಡಿದ ಹಾಗೆ
ಕಾರ್ಖಾನೆಯಲ್ಲೇ ಕಲಸಿದ ಕೆನೆ.
ಅಪ್ಪನ ಡ್ರಾಯರಿನಲ್ಲಿ ತಾನಾಗಿ ಹಳದಿಯಾದ ಒಂದು ಡಯಲ್ ಇದೆ.
ಪಕ್ಕದಲ್ಲಿಟ್ಟೆ. ಬಣ್ಣ ಒಂದೇ.
ಅಂಗೈ ಮುಚ್ಚಿ ಕತ್ತಲು ಮಾಡಿದಾಗ
ಒಂದೇ ಹೊಳೆಯಿತು.

"ಎಷ್ಟು ಕೊಟ್ಟಿರಿ?"
"ಒಂದು ಬುಲೆಟ್ಟು ಬರ್ತಿತ್ತಮ್ಮಾ."
"ಸಮುದ್ರಕ್ಕೆ ಇಳಿದಿದ್ದೀರಾ?"
"ಒಂದ್ಸಲ, ಮುರುಡೇಶ್ವರದಲ್ಲಿ.
ಇದನ್ನ ರೂಮಲ್ಲಿ ಬಿಚ್ಚಿಟ್ಟು ಹೋಗಿದ್ದೆ."

ಗಾಜಿನ ಸುತ್ತ ತಿರುಗುವ ಬಳೆ,
ಮುಳುಗಿದವನು ಉಸಿರಿನ ನಿಮಿಷ ಎಣಿಸಲೆಂದು ಮಾಡಿದ್ದು.
ಇವರು ಎಣಿಸುವುದು ರಾಡುಗಳನ್ನು.
ಒಂದು ರಾಡು ಐದು ನಿಮಿಷಕ್ಕೆ ಇಳಿದರೆ ಮೆದುಕಲ್ಲು,
ಹನ್ನೆರಡಾದರೆ ಕರಿಕಲ್ಲು,
ಎರಡಕ್ಕೇ ಜಾರಿದರೆ ಬಿರುಕು:
ಸುತ್ತ ನಿಂತವರೆಲ್ಲ ಮಾತು ನಿಲ್ಲಿಸುತ್ತಾರಂತೆ.

ಬಳೆ ಎಬ್ಬಿಸಿದೆ. ಉಪ್ಪಿಲ್ಲ, ಮರಳಿಲ್ಲ;
ತಾಲ್ಲೂಕಿನ ಅಷ್ಟೂ ಬಂಡೆಯ ಹಿಟ್ಟು,
ಬಾಣಾವರದ ಬಿಳಿ, ಜಾವಗಲ್ಲಿನ ಬೂದು, ಗಂಡಸಿಯ ಕೆಂಪು
ಬೆವರಿನಲ್ಲಿ ನಾದಿಕೊಂಡು ಗಟ್ಟಿಯಾಗಿತ್ತು.
ಮೆತ್ತನೆ ಬ್ರಷ್ಷು, ಉಗುರುಬೆಚ್ಚಗಿನ ನೀರು, ಒಂದು ಗಂಟೆ.
ಹಿಂಬದಿಯ ಮುಚ್ಚಳ ತಿರುಗಿಸಿ ಗ್ಯಾಸ್ಕೆಟ್ಟು ಮುಟ್ಟಿದರೆ
ಒಣಶ್ಯಾವಿಗೆಯ ಹಾಗೆ ಪಟಕ್ಕೆಂದಿತು.
ಹೊಸದನ್ನು ಕೂರಿಸಿದೆ, ಕಂಡೂ ಕಾಣದಷ್ಟು ಗ್ರೀಸು ಸವರಿ.

ಆಮೇಲೆ ಒತ್ತಡದ ಜಾಡಿ.
ಗಾಳಿ ತುಂಬಿ, ವಾಚನ್ನು ನೀರಿಗಿಳಿಸಿ,
ಮೆಲ್ಲಗೆ ಒತ್ತಡ ಬಿಡುತ್ತ ಗುಳ್ಳೆ ಏಳುತ್ತದೋ ಎಂದು ಕಾಯಬೇಕು.
ಇಬ್ಬರೂ ಬಗ್ಗಿದೆವು.
ಅವರ ಕಸುಬಿನಲ್ಲಿ ನೀರು ಬರಲೇಬೇಕು,
ನನ್ನ ಕಸುಬಿನಲ್ಲಿ ಬರಲೇಬಾರದು.
ಗುಳ್ಳೆ ಏಳಲಿಲ್ಲ.
"ಫೇಲಾ?" ಅಂದರು, ಅಭ್ಯಾಸಬಲದಿಂದ.

ನನ್ನ ಜಾಡಿ ಅರುವತ್ತು ಮೀಟರಿನವರೆಗೆ ಮಾತ್ರ ಹೇಳಬಲ್ಲದು,
ಮಿಕ್ಕ ನೂರನಲವತ್ತು ನಂಬಿಕೆ.
ಅದನ್ನೂ ಹೇಳಿದೆ. ತಲೆಯಾಡಿಸಿದರು,
ನೀರು ತೋರಿಸುವ ತೆಂಗಿನಕಾಯಿಯವರ ಜೊತೆ
ಇಪ್ಪತ್ತೆರಡು ವರ್ಷ ಏಗಿದವರು.

ಚಾವಿ ತಿರುಪಿ ಬಿಗಿಮಾಡದೆ ನೀರು ಮುಟ್ಟಿಸಬೇಡಿ.
ರಾತ್ರಿ ಒಂಬತ್ತರ ಮೇಲೆ ತಾರೀಖು ತಿರುಗಿಸಬೇಡಿ,
ಒಳಗೆ ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುತ್ತದೆ.
ಸುತ್ತಿಗೆ ಬಡಿಯುವಾಗ
ರಿಗ್ಗಿನ ಕಂಬಿ ಹಿಡಿಯದ ಕೈಗೆ ಕಟ್ಟಿಕೊಳ್ಳಿ.
"ಈ ಗೀರು? ಪಾಲಿಶ್ ಮಾಡಿಬಿಡಲೇ?"
ಕಣಕಟ್ಟೆಯಲ್ಲಿ ಸರಪಳಿ ಜಾರಿ ಬಡಿದದ್ದು.
"ಬಿಡಮ್ಮಾ," ಅಂದರು,
"ಹಳೇದು ಅಂತ ಇರೋದು ಅದೊಂದೇ."

ದುಡ್ಡು ಎಣಿಸಿಕೊಟ್ಟು ರಸ್ತೆ ದಾಟಿದರು.
ಟೀ ಅಂಗಡಿಯ ಮುಂದಿನ ನೀಲಿ ಡ್ರಮ್ಮಿನೊಳಕ್ಕೆ
ಮೊಣಕೈವರೆಗೆ ತೋಳು ಇಳಿಬಿಟ್ಟು ನಿಂತರು.
ಟೀಯವನು ಏನೋ ಕೂಗಿದ. ಅವರು ತೆಗೆಯಲಿಲ್ಲ.
ತುಟಿ ಅಲ್ಲಾಡುತ್ತಿತ್ತು: ಒಣ್ಣು, ರೆಂಡು, ಮೂಣು...
ಅಷ್ಟರಲ್ಲಿ ಮೈಸೂರಿನ ಗಾಡಿ ಬಂತು,
ಎಷ್ಟರವರೆಗೆ ಎಣಿಸಿದರೋ
ಕೇಳಿಸಲಿಲ್ಲ.