ಬಾಗು

ಕರೆಂಟ್ ಬಿಲ್ಲಿನ ಹಿಂದ ಲೆಕ್ಕ ಬರದೀನಿ.
ನಾ ಬರೀದಿದ್ರ ನಮ್ಮವಗ
ನೂರೂ ಒಂದ, ಸಾವಿರಾನೂ ಒಂದ.

ಮೊದಲಿಗೆ ಆ ಗಾಲಿ ಹಲಗಿ: ನೂರಾ ಎಂಬತ್ತು.
ಬೈನಾದ ಗುಜರಿಯವ ಮುನ್ನೂರು ಅಂದಿದ್ದ.
ಒಂದು ಗಾಲಿ ತಿರಗಂಗಿಲ್ಲ ಅಂತ ಬನಶಂಕರಿ
ಅಲ್ಲೇ ಕುಂತು ತೋರಿಸಿ ಇಳಿಸಿದ್ಳು.
ಮನೀಗೆ ಬಂದು ಸೂಜಿ ಹಾಕಿ
ಒಳಗ ಸುತ್ತಿದ್ದ ಕೂದಲಾ ಎಳದ್ಳು.
ತಿರಗಿತು.
ಯಾರಿಂದ ಕಲತ್ಳೋ ಈ ವ್ಯಾಪಾರ.

ಆಮ್ಯಾಲ ದಿನಾ ಅದ ಹಾಡು: ಅಪ್ಪಾ, ಒಂದು ರ‍್ಯಾಂಪ್.

ಇಪ್ಪತ್ತೆರಡು ವರ್ಷ ಸೆಂಟ್ರಿಂಗ್ ಮಾಡಿದವ ನಮ್ಮವ.
ದಾಬೋಳಿ, ಚಿಕಾಲಿ, ಬೋಗ್ಮಾಳದ ತನಕ
ಯಾರ‍್ಯಾರದೋ ಮನಿ ಸ್ಲ್ಯಾಬು
ಇವನ ಹಲಗಿ ಮ್ಯಾಲ ಮಲಗಿ ಗಟ್ಟಿ ಆಗ್ಯಾವ.
ಗಟ್ಟಿ ಆದ ಮ್ಯಾಲ ಹಲಗಿ ಕಿತ್ತು ಒಗೀತಾರ.
ಇವನ ಕೆಲಸ ಗುರುತಿಗೆ ಉಳಿಯೂದಿಲ್ಲ.
ನಮ್ಮ ತಲಿ ಮ್ಯಾಲ ಮಾತ್ರ ಪತ್ರಾಸ,
ಅದರಾಗ ಎಂಟು ತೂತು, ಎಣಿಸೀನಿ.

ಗುಣ್ಯಾ ಇಟ್ಟು, ಓಳಂಬ ಬಿಟ್ಟು
ಎಲ್ಲಾ ನೆಟ್ಟಗ ಮಾಡಿದವ.
ಬಾಗು ಮಾಡಿಕೊಡು ಅಂತ ಯಾವ ಕಂತ್ರಾಟದಾರನೂ ಕೇಳಿರಲಿಲ್ಲ.

ರವಿವಾರ ಹಿತ್ತಲದಾಗ ಮೊಳಿ ಹೊಡದ.
ಆರೂವರಿ ಫೂಟು ದಾರ,
ದಾರದ ತುದೀಗೆ ಪೆನ್ಸಿಲ್ಲು,
ಉಸಿರು ಬಿಗಿಹಿಡದು ಪ್ಲೈ ಮ್ಯಾಲ ಗೆರಿ ಎಳದ.
ಎಳದು ದೂರ ನಿಂತು ನೋಡಿದ
ಮಂದಿ ಮಾಡಿದ್ದು ನೋಡಿದಂಗ.

ಹಳೇ ಪ್ಲೈ, ಸಿಮೆಂಟ್ ಹತ್ತಿದ್ದು, ಸಾವಿರದಾ ಎಂಟುನೂರು,
ಪಗಾರದಾಗ ಮುರಕೊಂಡ ಪ್ರಭುದೇಸಾಯಿ.
ಮ್ಯಾಲಿನ ಹೊದಿಕಿಗೆ ತೆಳ್ಳಂದು ಬೇಕಂತ, ಹೊಸಾದ ಬೇಕಂತ,
ಹಳೇದು ಬಾಗಂಗಿಲ್ಲ, ಮುರೀತೈತಿ ಅಂದ.
ಮೂರು ಸಾವಿರದಾ ಇನ್ನೂರು!
ನನ್ನ ಭಿಶಿ ರೊಕ್ಕ ಬಂದಿತ್ತಲ್ಲ ಅವತ್ತ,
ವಾಸನಿ ಹಿಡದಿದ್ರು ಅಪ್ಪ ಮಗಳು.
ಸ್ಕ್ರೂ ನಾನೂರಾ ಹತ್ತು. ಅಂಚಿಗೆ ಪೈಪು, ಏಳುನೂರಾ ನಲವತ್ತು.
ಭಾಟ್ಕಾರ ಬಂದು ತಿಂಗಳಾ ಮುನ್ನೂರು ಹೆಚ್ಚಿಗಿ ಕೊಡ್ರಿ ಅಂದ.
ನೆಲಕ್ಕೇನ್ರಿ ಅಂದ್ರ
ಅಲ್ಲವ್ವಾ, ಸಪ್ಪಳಕ್ಕ.

ತಾಡಪತ್ರಿ ಸಾವಿರದಾ ನೂರು.
ಇದು ಪತ್ರಾಸಿಗೆ, ಮನಿ ಖರ್ಚು, ಅಂತ ನಾ ಬ್ಯಾರೆ ಬರದೆ.
ಇಬ್ಬರೂ ಬಾಯಿ ಬಿಡಲಿಲ್ಲ.

ಹಗಲೆಲ್ಲಾ ಓಣಿಯವರು ಅದರ ಮ್ಯಾಲ ಸಂಡಿಗಿ ಒಣಹಾಕ್ತಾರ.
ಇಳಕಲಿಗೆ ಬಿಸಲು ಚಲೋ ಬೀಳತೈತಂತ.
ಸಂಜೀಕ ಗಾಲಿಗೆ ಮೆಣಸಿನಕಾಯಿ ಬೀಜ ಸಿಗತಾವ,
ವ್ಯಾಲೆನ್ಸಿಯಾ, ರೊಝಾರಿಯೊ, ಇನ್ನೂ ಎರಡು ಹುಡುಗರು,
ಸೀನಕೋತ ಸೀನಕೋತ ಜಾರತಾವ.
ನಮ್ಮ ಬನಶಂಕರೀನ
ಬೆನ್ನಿ ಮಾಡ್ಯಾರ ಅವರು.

ಮೂರನೇ ದಿನ ಬಿದ್ಳು. ಎಡಗೈ ಮಣಿಕಟ್ಟು.
ಚಿಕಾಲಿ ದವಾಖಾನಿಯೊಳಗ ಪಟ್ಟಿ ಪುಕ್ಕಟ,
ರಿಕ್ಷಾ ಇನ್ನೂರೈವತ್ತು, ನನ್ನ ಎರಡು ದಿನದ ಕೆಲಸ ಹೋತು.
ಕೊಡಲಿ ತಗೊಂಡು ಬಂದೆ ನಾ.
ಅವ ಮಾತಾಡಲಿಲ್ಲ. ಮಂಡಿ ಊರಿ
ಅಂಗೈಯಿಂದ ಹಲಗಿ ಪೂರಾ ಸವರಿದ,
ಎಲ್ಲೆರ ಸ್ಕ್ರೂ ತಲಿ ಎತ್ತೈತೇನಂತ.
ಕೂಸಿನ ಮೈ ನೋಡಿದಂಗ.

ಹಲಗೀದು ತಪ್ಪಲ್ಲಪ್ಪಾ, ಅಂದ್ಳು ಇಕಿ ಪಟ್ಟಿ ಕೈ ಎತ್ತಿ.
ನಾ ಅಂಜಿ ಹಿಂದಕ ವಾಲಿದ್ನಿ.
ಬೀಳೂ ಕಡೀಗೇ ವಾಲಬೇಕು,
ಆವಾಗ ಬೀಳೂದಿಲ್ಲ.

ಕೊಡಲಿ ಮೂಲಿಗೆ ಇಟ್ಟೆ. ಹಂಗಂತ ಒಪ್ಪಲಿಲ್ಲ ನಾ.

ಜೂನ್ ನಾಕಕ್ಕ ಮಳಿ ಬಂತು,
ರಾತ್ರಿ ಎರಡಕ್ಕ, ಹೇಳದ ಕೇಳದ.
ಅವ ಮಡಗಾಂವದ ಸೈಟಿನ್ಯಾಗ. ಇಕಿಗೆ ಕೈ ಇಲ್ಲ, ನಿದ್ದಿ ಐತಿ.
ಒಂದ ತಾಡಪತ್ರಿ.
ಎಂಟು ತೂತಿಗೆ ಎಂಟು ಭಾಂಡೆ ಇಟ್ಟೆ,
ಹಿತ್ತಲಕ್ಕ ಹೋಗಿ, ಸೀರಿ ಮೊಣಕಾಲಿಗೆ ಎತ್ತಿ,
ಆ ಬಾಗಿನ ಮ್ಯಾಲ ಹೊಚ್ಚಿ ಕಲ್ಲು ಹೇರಿ ಬಂದೆ.
ಕೈಗೆ ಹತ್ತಿತ್ತು ಒಂದು ಕಡೆ,
ಅವ ಕಾಗದ ಹಚ್ಚಿ ತಿಕ್ಕಿದ ಜಾಗ,
ಗಲ್ಲದಂಗ ನುಣುಪು.

ಮುಂಜಾನೆ ಸಾವಿರದಾ ನೂರು ಹೊಡದುಹಾಕಿ
ಅವರ ಸಾಲಿಗೆ ಬರದೆ.
ಭಾಂಡೆ ಎಲ್ಲಾ ತುಂಬಿದ್ದವು.
ಬಿಲ್ಲು ಇನ್ನೂ ತುಂಬಿಲ್ಲ.