ಸಾಕು

ಡೈರಿಯಲ್ಲಿ ಕೆಂಪು ಇಂಕು:
ಕಾಪಿ ಎರಡು ಪುಟ,
ಒಂದರಿಂದ ಐವತ್ತು, ಎರಡು ಸಲ,
ಬಾಳೆಹಣ್ಣಿಗೆ ಬಣ್ಣ.
ಕೆಳಗೊಂದು ಗೆರೆ, ಪೋಷಕರ ಸಹಿಗೆ.

ಬಣ್ಣ ಮೊದಲೇ ಮುಗಿಸಿಬಿಟ್ಟಿದ್ದಾಳೆ ಜೀವಿತ.
ಬಾಳೆಹಣ್ಣು ನೀಲಿ.
ಹಳದಿ ಕಡ್ಡಿ ಮೊನ್ನೆ ಸೂರ್ಯನಿಗೇ ಸವೆದುಹೋಯಿತಂತೆ.

ರಾತ್ರಿ ಎಂಟೂವರೆ. ಮಳ್ಳೂರಿನ ಕರೆಂಟು
ಹೋಗಿ ಬಂದು, ಹೋಗಿ ಬಂದು,
ಈಗ ನೆಟ್ಟಗೆ ಉರಿಯುತ್ತಿದೆ.
ಐದು ವರ್ಷ ಹತ್ತು ತಿಂಗಳಿನ ಬೆರಳುಗಳು
ಪೆನ್ಸಿಲು ಹಿಡಿಯುವುದಿಲ್ಲ,
ಬಸ್ಸಿನ ಕಂಬಿಗೆ ಜೋತಂತೆ ಜೋತುಬೀಳುತ್ತವೆ.
ಇಪ್ಪತ್ತೇಳರ ಏಳು ಬೆನ್ನು ತಿರುಗಿಸಿ ನಿಂತಿದೆ.
ಅಳಿಸು, ಅಂದೆ.
ಅಳಿಸಿದಳು.
ಮತ್ತೂ ಬೆನ್ನು ತಿರುಗಿಸಿತು.
ಅಳಿಸು.
ಈ ಸಲ ಕಾಗದವೇ ಹರಿಯಿತು;
ತೂತಿನೊಳಗಿಂದ ಇಣುಕಿತು
ಕೆಳಗಿನ ಹಾಳೆಯ ಹೊಸ ಬಿಳುಪು,
ಇನ್ನೂ ಒಂದು ಪುಟ ಬಾಕಿ ಎಂಬಂತೆ.

ಕೈ ಎತ್ತಿದೆ.
ಹೊಡೆಯಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಹೊಡೆಯಲಿಲ್ಲ.
ಆದರೆ ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಕಳೆದ ತಿಂಗಳು ಶಿಡ್ಲಘಟ್ಟದ ಶಾಲೆಯಲ್ಲಿ ಮೀಟಿಂಗು.
ಇಸ್ತ್ರಿ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂತು
ಎದ್ದು ಕೇಳಿದವಳು ಯಾರು?
"ಮಿಸ್, ಆ ಇನ್ನೊಂದು ಸ್ಕೂಲಲ್ಲಿ
ದಿನಾ ಎರಡು ಪುಟ ಬರೆಸ್ತಾರೆ, ನಮ್ಮಲ್ಲಿ ಯಾಕಿಲ್ಲ?"
ಶಗುಫ್ತಾ ಮಿಸ್ ಏನೋ ಹೇಳಲು ಹೊರಟು
ಹೆಡ್‌ಮಾಸ್ಟರ ಮುಖ ನೋಡಿ
ಸುಮ್ಮನೆ ಬರೆದುಕೊಂಡಳು.
ನಲವತ್ತೆರಡು ಮಕ್ಕಳ ಎರಡೆರಡು ಪುಟ,
ಚಿಂತಾಮಣಿ ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು,
ತಿದ್ದುತ್ತಾಳಂತೆ ಆ ಹುಡುಗಿ.
ಅವಳ ಬಾಯಲ್ಲೂ ಬೈಗುಳವಿದ್ದರೆ
ಅದು ನನಗೇ ಸೇರಬೇಕು.

ಒಳಗೆ ಹುಳುಮನೆಯಲ್ಲಿ ಅತ್ತೆ, ಪಿಳ್ಳಮ್ಮ,
ಸೊಪ್ಪು ಹೆಚ್ಚುವ ಸದ್ದು.
ಊರಲ್ಲೆಲ್ಲ ಚಾಕಿ ಸೆಂಟರಿನಿಂದ ಬೆಳೆದ ಮರಿ ತರುತ್ತಾರೆ;
ಈಕೆಗೆ ಮೊಟ್ಟೆಯಿಂದಲೇ ಆಗಬೇಕು.
ಕುಡಿಯ ಕೆಳಗಿನ ಎಳೆಯ ಎಲೆ,
ಕೊತ್ತಂಬರಿಗಿಂತ ಸಣ್ಣಗೆ,
ಉಗುರಿನ ತುದಿಯಲ್ಲಿ ಉದುರಿಸುತ್ತಾಳೆ,
ಹಣೆಗೆ ವಿಭೂತಿ ಇಟ್ಟಷ್ಟೇ ಹಗುರ.
ಮದುವೆಯಾದ ಹೊಸದರಲ್ಲಿ, ಪ್ರೀತಿಗೆ,
ನಾನೊಂದು ತಟ್ಟೆಗೆ ಬೊಗಸೆ ತುಂಬ ಸುರಿದಿದ್ದೆ.
ಬೆಳಿಗ್ಗೆ ಸೊಪ್ಪಿನಡಿ ಸಿಕ್ಕು
ಮರಿಗಳೆಲ್ಲ ಕಪ್ಪು ದಾರದ ತುಂಡು.
ಅತ್ತೆ ಬೈಯಲಿಲ್ಲ, ತಟ್ಟೆ ತೊಳೆಯುತ್ತ ಅಂದಳು:
"ಹುಳ ಸಾಕೋಳಿಗೆ ಸಾಕು ಅನ್ನೋದು ಗೊತ್ತಿರಬೇಕು ಕಣಮ್ಮಿ."

ಈಗ ಅವಳ ದನಿ: "ಏ, ಇತ್ತ ಬಂದು ನೋಡು,
ತಲೆ ಎತ್ತಿಕೊಂಡು ಕೂತುಬಿಟ್ಟವೆ.
ಜ್ವರಕ್ಕೆ ಬಿದ್ದವೆ. ಇನ್ನು ಸೊಪ್ಪು ಹಾಕಂಗಿಲ್ಲ."
ಇಲ್ಲಿ ಜೀವಿತ,
ಪೆನ್ಸಿಲು ಕೈಯಲ್ಲೇ,
ತಲೆ ಎತ್ತಿ ಟ್ಯೂಬ್‌ಲೈಟಿನ ಪತಂಗ ನೋಡುತ್ತ
ಕದಲದೆ ಕೂತಿದ್ದಾಳೆ.

ಸಹಿಯ ಗೆರೆಯ ಮೇಲೆ ಕನ್ನಡದಲ್ಲೇ ಬರೆದೆ.
ಹತ್ತನೇ ಕ್ಲಾಸಿನ ನಂತರ
ಇಷ್ಟುದ್ದ ಬರೆದಿದ್ದು ಇದೇ ಮೊದಲು:
ಮಿಸ್, ಇಪ್ಪತ್ತೇಳರವರೆಗೆ ಬರೆದಿದ್ದಾಳೆ.
ಮೀಟಿಂಗಿನಲ್ಲಿ ನಾನು ಕೇಳಿದ್ದು ತಪ್ಪು.
ದಿನಕ್ಕೆ ನಾಲ್ಕು ಸಾಲು ಸಾಕು,
ಅದೂ ಅವಳಿಗೆ ಮನಸಿದ್ದರೆ.
ನಿಮಗೂ ಬಸ್ಸಿನಲ್ಲಿ ಕಿಟಕಿ ನೋಡಲು ಸಿಗಲಿ.
ಕೊನೆಯ ಸಾಲು ಹೊಡೆದುಹಾಕಿದೆ.
ಆಮೇಲೆ ಅದರ ಕೆಳಗೆ ಅದನ್ನೇ ಮತ್ತೆ ಬರೆದೆ.

ಹಾಸಿಗೆಗೆ ಎತ್ತಿಕೊಂಡು ಹೋಗುವಾಗ
ಅರೆನಿದ್ದೆಯಲ್ಲಿ ಕೇಳಿದಳು:
"ನೀಲಿ ಬಾಳೆಹಣ್ಣಿಗೆ ಮಿಸ್ ಬೈತಾರಾ?"
ಗೊತ್ತಿಲ್ಲ, ಅಂದೆ.
ನಿಜವಾಗಿಯೂ ಗೊತ್ತಿರಲಿಲ್ಲ.